ಗುಡ್ಡದಲ್ಲಿ ಸಿಗುವುದು ನುಸಿ, ಹೊಸ ಪ್ರಭೇದ ಸಿಗುವುದು ಮೇಜಿನ ಮೇಲೆ

ಮಿರಗದ ಮಳೆ ಬಿದ್ದ ಒಂದೆರಡು ದಿನಕ್ಕೆ ಮಸಾರಿ ಹೊಲದ ಬದುವಿನ ಮೇಲೆ ಕಡುಗೆಂಪು ಮಖಮಲ್ಲಿನ ಗುಂಡಿಯಂಥ ಒಂದು ಜೀವ ನಿಧಾನಕ್ಕೆ ಹೊರಡುತ್ತದೆ. ಮಿರಗದ ಹುಳ ಅನ್ನುತ್ತೇವೆ. ಹುಳ ಎಂದರೂ ಅದು ಕೀಟವಲ್ಲ. ಎಂಟು ಕಾಲಿನ ನುಸಿ, ಜೇಡ ಚೇಳುಗಳ ಬಳಗದ್ದು. ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮಕ್ಕಳ ಅಂಗೈಗೂ ಬರುತ್ತದೆ. ಅದೇ ಬದುವಿನ ಬೇವಿನ ಬುಡದಲ್ಲಿ ಒಂದು ಬೊಗಸೆ ತರಗೆಲೆ ಎತ್ತಿದರೆ ಅದರೊಳಗೆ ಇದೇ ಬಳಗದ ಹತ್ತಾರು ನುಸಿಗಳಿರುತ್ತವೆ, ಮೈಯಳತೆ 0.2ರಿಂದ 0.8 ಮಿಲಿಮೀಟರ್. ಅವಕ್ಕೆ ಕನ್ನಡದಲ್ಲಿ ಹೆಸರಿಲ್ಲ. ರಾಯಚೂರು, ಬಳ್ಳಾರಿಯ ರೈತರಿಗೆ ನುಸಿ ಅಂದರೆ ಮೆಣಸಿನಗಿಡದ ಮುಟುರು, ಹೊಡೆಯಬೇಕಾದ ಔಷಧಿ, ಆಗುವ ಖರ್ಚು. ಬೆಳೆಯ ಗೊಡವೆಗೇ ಹೋಗದೆ ಕೊಳೆತ ಎಲೆ, ಬೂಷ್ಟು ತಿಂದು ಮಣ್ಣನ್ನು ಮಣ್ಣಾಗಿ ಇಟ್ಟಿರುವ ನುಸಿಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಇಂಥ ನುಸಿಗಳಲ್ಲಿ ಹೊಸ ಪ್ರಭೇದ ಹುಡುಕುವವರು ಮೊದಲು ಕಣ್ಣು ಹಾಕುವ ಜಾಗಗಳಲ್ಲಿ ಉಷ್ಣವಲಯದ ಸುಣ್ಣಗಲ್ಲಿನ ಗುಡ್ಡಗಳೂ ಸೇರಿವೆ. ವಿಯೆಟ್ನಾಮಿನ ಹಾ ಲಾಂಗ್ ಕೊಲ್ಲಿ, ಮಲೇಷ್ಯಾದ ಕಿಂತಾ ಕಣಿವೆ, ಥಾಯ್ಲೆಂಡಿನ ದಕ್ಷಿಣ ಕರಾವಳಿಗಳಲ್ಲಿ ನೆಲದಿಂದ ನೆಟ್ಟಗೆ ಎದ್ದ ಕಲ್ಲಿನ ಗೋಪುರಗಳಿವೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ, ಆ ಹುಳಿನೀರು ಲಕ್ಷಾಂತರ ವರ್ಷ ಸುಣ್ಣಗಲ್ಲನ್ನು ಕರಗಿಸುತ್ತದೆ. ಕರಗದೆ ಉಳಿದದ್ದು ಗುಡ್ಡ, ಕರಗಿದ ದಾರಿ ಬಿರುಕು, ಗವಿ, ಕೊರಕಲು. ಸುತ್ತ ಗದ್ದೆಯೋ ಸಮುದ್ರವೋ ಇರುವುದರಿಂದ ಪ್ರತಿ ಗುಡ್ಡವೂ ಒಂದು ದ್ವೀಪ. ಒಂದೇ ಗುಡ್ಡಕ್ಕೆ ಸೀಮಿತವಾದ ಬಸವನಹುಳುಗಳು ಅಲ್ಲಿ ಬೇಕಾದಷ್ಟಿವೆ. ಮಲೇಷ್ಯಾದ ಪಹಾಂಗ್ ಪ್ರಾಂತದ ಬುಕಿತ್ ಪಾಂಚಿಂಗ್ ಎಂಬ ಗುಡ್ಡವನ್ನು ಕಲ್ಲಿಗಾಗಿ ಪೂರ್ತಿ ಕಡಿದು ತೆಗೆದಾಗ, ಅಲ್ಲಿ ಮಾತ್ರ ಇದ್ದ ಪ್ಲೆಕ್ಟೊಸ್ಟೋಮಾ ಸಿಯಾಫಿಲಮ್ ಎಂಬ ಪುಟ್ಟ ಬಸವನಹುಳು ಗುಡ್ಡದ ಜೊತೆಗೇ ಇಲ್ಲವಾಯಿತು.

ನಮ್ಮ ಮೂರು ಜಿಲ್ಲೆಗಳಲ್ಲಿ ಅಂಥ ಗುಡ್ಡಗಳಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬೆಟ್ಟಗಳು ಬಹುಪಾಲು ಗ್ರಾನೈಟು ಮತ್ತು ನೈಸ್ ಶಿಲೆ. ಕುರುಗೋಡು, ಆನೆಗೊಂದಿ, ಮಸ್ಕಿ, ಎಲ್ಲೇ ನಿಂತರೂ ಗುಂಡುಗಳ ಮೇಲೆ ಗುಂಡು. ಸಂಡೂರಿನ ಸಾಲು ಬೇರೆ ಕತೆ, ಅದು ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಶಿಲಾಪಟ್ಟಿ. ನಿಜವಾದ ಸುಣ್ಣಗಲ್ಲಿನ ಹಾಸು ಬೇಕಿದ್ದರೆ ಬಾಗಲಕೋಟೆಯ ಲೋಕಾಪುರದ ಕಡೆ, ಕಲಬುರಗಿಯ ಶಹಾಬಾದ್ ಸೇಡಂ ಕಡೆ, ಇಲ್ಲವೇ ಪೂರ್ವಕ್ಕೆ ಆಂಧ್ರದ ಬೆಲಂ ಗವಿಗಳ ಕಡೆ ಹೋಗಬೇಕು. ನಮ್ಮಲ್ಲಿರುವ ಸುಣ್ಣ ಎರೆಮಣ್ಣಿನೊಳಗೆ ಹರಳುಹರಳಾಗಿ ಕೂತಿದೆ. ಬಾವಿ ತೋಡುವಾಗ, ಹಳ್ಳದ ದಂಡೆ ಕುಸಿದಾಗ ಕಾಣುವ ಬಿಳಿ ಗಂಟುಗಳು ಅವೇ.

ಹಾಗಿದ್ದರೆ ಇಲ್ಲಿ ಕೂತು ಸುಣ್ಣಗಲ್ಲಿನ ನುಸಿಯ ಮಾತೇಕೆ? ಒಂದು ನುಸಿ ಸುಣ್ಣಗಲ್ಲಿಗೆ ಮಾತ್ರ ಸೇರಿದ್ದು ಎಂದು ಹೇಳಬೇಕಾದರೆ, ಸುಣ್ಣವಿಲ್ಲದ ಕಲ್ಲಿನ ಸಂದಿಯಲ್ಲಿ ಅದು ಇಲ್ಲ ಎಂದು ಯಾರಾದರೂ ಹುಡುಕಿ ನೋಡಿರಬೇಕು. ಹೊಸ ಪ್ರಭೇದ ಎಂಬ ಮಾತೂ ಹಾಗೆಯೇ, ಈವರೆಗೆ ಹೆಸರಿಟ್ಟ ಯಾವುದೂ ಇದಲ್ಲ ಎಂದು ತೋರಿಸಿದ ಮೇಲೆ ಮಾತ್ರ ಬರುವ ಮಾತು. ಎರಡೂ "ಇಲ್ಲ" ಎನ್ನುವುದರ ಸಾಬೀತು. ಕುರುಗೋಡಿನ ಗ್ರಾನೈಟ್ ಸಂದಿಯ ಮಣ್ಣು, ಸಿರುಗುಪ್ಪದ ಎರೆಹೊಲದ ಸುಣ್ಣದ ಹರಳಿನ ಮಣ್ಣು, ಲೋಕಾಪುರದ ಸುಣ್ಣಗಲ್ಲಿನ ಸಂದಿಯ ಮಣ್ಣು ಈ ಮೂರನ್ನೂ ಒಂದೇ ವಿಧಾನದಲ್ಲಿ, ಒಂದೇ ಋತುವಿನಲ್ಲಿ ನೋಡಿದವರಿಗೆ ಮಾತ್ರ ಸುಣ್ಣದ ಬಗ್ಗೆ ಮಾತಾಡುವ ಹಕ್ಕು ಬರುತ್ತದೆ. ಹೀಗೆ ನೋಡಿದರೆ ನಮ್ಮ ಗ್ರಾನೈಟು ಬೆಟ್ಟಗಳೂ ದ್ವೀಪಗಳೇ. ಮೇಲೆ ಬಂಡೆ ಸುಡುತ್ತಿರುತ್ತದೆ, ಎರಡು ಗುಂಡುಗಳ ನಡುವೆ ಕಲ್ಲತ್ತಿಯ ಬೇರು ಇಳಿದ ಕಡೆ ಒಂದು ಬುಟ್ಟಿಯಷ್ಟು ಕಪ್ಪು ಗೊಬ್ಬರಮಣ್ಣು ವರ್ಷವಿಡೀ ನೆರಳಲ್ಲಿ ಕೂತಿರುತ್ತದೆ.

ಸುಣ್ಣದ ಬಗ್ಗೆ ಇನ್ನೊಂದು ಆತುರದ ತೀರ್ಮಾನವಿದೆ. ಮಣ್ಣಿನ ನುಸಿಗಳಲ್ಲಿ ಒರಿಬಾಟಿಡ್ ಎಂಬ ದೊಡ್ಡ ಗುಂಪಿದೆ. ಹೆಸರಿಟ್ಟ ಪ್ರಭೇದಗಳೇ 11,000ಕ್ಕೂ ಹೆಚ್ಚು. ಗಟ್ಟಿ ಕಂದು ಕವಚ, ನೋಡಲು ಪುಟ್ಟ ಜೀರುಂಡೆಯಂತೆ. ಇವುಗಳಲ್ಲಿ ಕೆಲವು ಕವಚ ಗಟ್ಟಿ ಮಾಡಿಕೊಳ್ಳಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಕ್ಸಲೇಟ್ ಅಥವಾ ಫಾಸ್ಫೇಟನ್ನು ಬಳಸುತ್ತವೆ. ಹಾಗಾದರೆ ಸುಣ್ಣದ ನೆಲವೇ ಇವಕ್ಕೆ ಬೇಕು ಎಂದು ಅನ್ನಿಸುವುದು ಸಹಜ. ಆದರೆ ಸುಣ್ಣದ ಸುಳಿವೇ ಇಲ್ಲದ ಹುಳಿ ಮಣ್ಣಿನ ಕಾಡುಗಳಲ್ಲೂ ಇಂಥ ನುಸಿಗಳು ಧಾರಾಳವಾಗಿವೆ. ಬಸವನಹುಳುವಿನ ಲೆಕ್ಕವನ್ನು ನುಸಿಗೆ ಹಾಗೆಯೇ ಹಚ್ಚಬಾರದು. ನುಸಿ ಗಾಳಿಯಲ್ಲಿ ತೇಲುತ್ತದೆ, ನೆರೆನೀರಲ್ಲಿ ಹೋಗುತ್ತದೆ, ಹಕ್ಕಿಯ ಪುಕ್ಕದಲ್ಲಿ ಕೂತು ಊರು ದಾಟುತ್ತದೆ. ಒರಿಬಾಟಿಡ್‌ಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಪ್ರಭೇದಗಳು ಗಂಡಿಲ್ಲದೆಯೇ ಮರಿ ಹಾಕುತ್ತವೆ, ಅಂದರೆ ಒಂದೇ ಒಂದು ಹೆಣ್ಣು ಹೊಸ ಗುಡ್ಡಕ್ಕೆ ಬಂದು ಬಿದ್ದರೂ ಸಂತತಿ ಶುರುವಾಗಬಹುದು. ಆದ್ದರಿಂದ ಪಕ್ಕದ ಗುಡ್ಡ ನೋಡದೆ "ಈ ಗುಡ್ಡದ್ದು ಮಾತ್ರ" ಎಂದು ಬರೆಯುವುದು ತಪ್ಪು.

ಮಣ್ಣು ತೆಗೆಯುವ ಕಾಲ ಮೊದಲು. ಈ ಸೀಮೆಯ ಮಳೆ ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನ ಆಸುಪಾಸು. ಉತ್ತರಿ, ಹಸ್ತ ಮಳೆ ಚೆನ್ನಾಗಿ ಹೊಯ್ದು ಒಂದರಿಂದ ಎರಡು ವಾರ ಕಳೆದಾಗ ಮೇಲಿನ 5 ಸೆಂಟಿಮೀಟರಿನಲ್ಲಿ ನುಸಿ ತುಂಬಿರುತ್ತದೆ. ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಬರಿಗೈ, ಬದುಕಿದ್ದವು ಬಿರುಕು ಹಿಡಿದು ಬೇರಿನ ಕಡೆ ಇಳಿದಿರುತ್ತವೆ. ಬೇಸಿಗೆಯ ಒಂದು ಸಲದ ಮಣ್ಣು ನೋಡಿ "ಇಲ್ಲಿ ಏನೂ ಇಲ್ಲ" ಎಂದು ಬರೆದ ವರದಿಯನ್ನು ನಂಬಬಾರದು.

ಅನುಮತಿ ಇಲ್ಲದೆ ಕೈ ಹಾಕಬಾರದ ಜಾಗಗಳೂ ಇವೆ. ಸಂಡೂರಿನ ಮೀಸಲು ಅರಣ್ಯ, ದರೋಜಿ ಕರಡಿಧಾಮಕ್ಕೆ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ಕುಡಿತಿನಿಯ ಬೂದಿದಿಬ್ಬದಂಥ ಪ್ರಾಚೀನ ನೆಲೆಗಳಲ್ಲಿ ಒಂದು ಚಮಚ ಮಣ್ಣನ್ನೂ ಕೆದಕಬಾರದು. ಅಲ್ಲಿ ಮಣ್ಣಿನ ಪದರವೇ ದಾಖಲೆ. ಹಳೆಯ ಕೋಟೆ ಗೋಡೆಯ ಬುಡ ಇನ್ನೊಂದು ಕಾರಣಕ್ಕೆ ಬೇಡ. ಉದುರಿದ ಗಾರೆ ಆ ಮಣ್ಣಿಗೆ ಸುಣ್ಣ ಬೆರೆಸಿರುತ್ತದೆ. ಹಳೆಯ ಸುಣ್ಣದ ಭಟ್ಟಿಯ ಸುತ್ತಲೂ ಹಾಗೆಯೇ. ಅದನ್ನು ಸಹಜ ಸುಣ್ಣನೆಲ ಎಂದು ಚೀಟಿ ಬರೆದರೆ ಇಡೀ ಹೋಲಿಕೆಯೇ ಹಳ್ಳ ಹಿಡಿಯುತ್ತದೆ. ಸುಣ್ಣ ಇದೆಯೋ ಇಲ್ಲವೋ ತಿಳಿಯಲು 10 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಸಾಕು, ನೊರೆ ಎದ್ದರೆ ಇದೆ. ಜೊತೆಗೆ 1 ಪಾಲು ಮಣ್ಣಿಗೆ 2.5 ಪಾಲು ಬಟ್ಟಿ ಇಳಿಸಿದ ನೀರು ಕಲಸಿ ಪಿಎಚ್ ಅಳೆದು ಬರೆದಿಡಬೇಕು. ಆಮ್ಲ ಹಾಕಿದ ಮಣ್ಣನ್ನು ಮಾದರಿಯ ಚೀಲಕ್ಕೆ ಮರಳಿ ಸೇರಿಸಬೇಡಿ.

ಒಂದು ಗುಡ್ಡಕ್ಕೆ ಕನಿಷ್ಠ 5 ಜಾಗ, ಜಾಗಕ್ಕೆ 3 ಮಾದರಿ, ಒಟ್ಟು 15. ಅಷ್ಟೇ ಮಾದರಿಗಳು ಗುಡ್ಡದ ಬುಡದ ಬಯಲಿನಿಂದ, ಮತ್ತೆ ಅಷ್ಟೇ ಪಕ್ಕದ ಗುಡ್ಡದಿಂದ. ಹೆಚ್ಚಿನವರು ಸೋಮಾರಿಯಾಗುವುದು ಈ ಬಯಲಿನ ಮಾದರಿಯಲ್ಲಿ, ಏಕೆಂದರೆ ಬಯಲು ನೋಡಲು ನೀರಸ. 5 ಸೆಂಟಿಮೀಟರ್ ಅಡ್ಡಳತೆಯ ಉಕ್ಕಿನ ಕೊಳವೆಯನ್ನು 5 ಸೆಂಟಿಮೀಟರ್ ಆಳಕ್ಕೆ ಇಳಿಸಿದರೆ ಸುಮಾರು 98 ಘನ ಸೆಂಟಿಮೀಟರ್ ಮಣ್ಣು ಬರುತ್ತದೆ. ಕಲ್ಲಿನ ಸಂದಿಯಲ್ಲಿ ಕೊಳವೆ ಇಳಿಯದು. ಅಲ್ಲಿ ಉದ್ದ ಹಿಡಿಯ ಚಮಚದಿಂದ ಕೆರೆದು, ಅಳತೆ ಪಾತ್ರೆಯಲ್ಲಿ ಅಳೆದು ಅಷ್ಟೇ ಗಾತ್ರ ತೆಗೆಯಬೇಕು. ತರಗೆಲೆಯನ್ನು ಬೇರೆಯಾಗಿ ಒಂದು ಲೀಟರ್. ಕಮರ, ತುಗ್ಗಲಿ, ದಿಂಡಿಗ, ಯಾವ ಮರದ ಕೆಳಗಿನದು ಎಂಬುದನ್ನು ಅಲ್ಲೇ ಬರೆಯಿರಿ, ಮನೆಗೆ ಬಂದ ಮೇಲೆ ನೆನಪಾಗುವುದಿಲ್ಲ.

ಮಾದರಿ ಸಾಯುವುದು ಹೆಚ್ಚಾಗಿ ದಾರಿಯಲ್ಲಿ. ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗಿನ ಪ್ಲಾಸ್ಟಿಕ್ ಚೀಲ ಒಂದು ತಾಸಿನಲ್ಲಿ ನುಸಿಗಳನ್ನು ಬೇಯಿಸುತ್ತದೆ. ಮಣ್ಣಿನಿಂದ ನುಸಿಯನ್ನು ಬೇರ್ಪಡಿಸುವ ಆಲಿಕೆಯಲ್ಲಿ ಸತ್ತ ನುಸಿ ಕೆಳಗಿಳಿಯುವುದಿಲ್ಲ, ನೀವು ಮಾತ್ರ ಅಲ್ಲಿ ನುಸಿಯೇ ಇರಲಿಲ್ಲ ಎಂದುಕೊಳ್ಳುತ್ತೀರಿ. ದಪ್ಪ ಬಟ್ಟೆಯ ಚೀಲ, ಥರ್ಮೋಕೋಲ್ ಪೆಟ್ಟಿಗೆ, ಪಕ್ಕಕ್ಕೆ ಒದ್ದೆ ಗೋಣಿ. ಮಂಜುಗಡ್ಡೆ ನೇರವಾಗಿ ತಾಗಬಾರದು. 24 ತಾಸಿನೊಳಗೆ, ಹೆಚ್ಚೆಂದರೆ 48 ತಾಸಿನೊಳಗೆ ಆಲಿಕೆಗೆ ಹಾಕಬೇಕು.

ಆ ಆಲಿಕೆಯ ಮೂಲ ಕಲ್ಪನೆ ಇಟಲಿಯ ಆಂಟೋನಿಯೋ ಬರ್ಲೀಸ್ ಅವರದು, 1905ರದು. 1918ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ ಅದಕ್ಕೆ ವಿದ್ಯುತ್ ದೀಪ ಸೇರಿಸಿದರು. ಮೇಲಿನಿಂದ ಮಣ್ಣು ಒಣಗುತ್ತ ಬಂದ ಹಾಗೆ ನುಸಿ ತೇವ ಹುಡುಕಿ ಕೆಳಗಿಳಿದು, ಜಾಲರಿ ದಾಟಿ, ಆಲಿಕೆಯ ಕೊನೆಯ ಶೀಶೆಗೆ ಬೀಳುತ್ತದೆ. ನಮ್ಮೂರ ತಗಡಿನ ಅಂಗಡಿಯಲ್ಲೇ ಮಾಡಿಸಬಹುದು. ಬಾಯಿ 20ರಿಂದ 25 ಸೆಂಟಿಮೀಟರ್, ಗೋಡೆ ಕಡಿದಾಗಿ ಸುಮಾರು 60 ಡಿಗ್ರಿ, ಒಳಗೆ ಬೆಸುಗೆಯ ಗಂಟು ಉಳಿಯದಂತೆ ನುಣುಪು. ಮೇಲೆ 2 ಮಿಲಿಮೀಟರ್ ಕಣ್ಣಿನ ಜಾಲರಿ. ಕೆಳಗೆ 75 ಶೇಕಡಾ ಎಥನಾಲ್ ಇರುವ ಶೀಶೆ. ಆವಿಯಾಗುವುದು ತಡವಾಗಲೆಂದು ಅದಕ್ಕೆ 5 ಶೇಕಡಾ ಗ್ಲಿಸರಿನ್ ಸೇರಿಸಬೇಕು. ಮಣ್ಣಿನ ತುಂಡನ್ನು ತಲೆಕೆಳಗಾಗಿ ಇಡಬೇಕು, ಅಂದರೆ ಗುಡ್ಡದಲ್ಲಿ ಮೇಲಿದ್ದ ಮುಖ ಜಾಲರಿಯ ಕಡೆಗೆ. ಮೇಲ್ಭಾಗದ ರಂಧ್ರಗಳು ದೊಡ್ಡವು, ನುಸಿಗೆ ಇಳಿಯುವ ದಾರಿ ಅದೇ.

ಈಗ ದೀಪದ ವಿಷಯ. ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಬರುತ್ತದೆ, ಮಣ್ಣು ಒಣಗಿಸುವಷ್ಟು ಕಾವು ಬರುವುದಿಲ್ಲ. ಈಚೆಗೆ ಈ ಆಲಿಕೆ ಕಟ್ಟುವವರು ಸೋಲುವುದು ಹೆಚ್ಚಾಗಿ ಇಲ್ಲೇ. ತಂತಿಯ ಹಳೆಯ ಬಲ್ಬ್ ಬೇಕು, 25 ವಾಟಿನದು. ಅದು ಸಿಗದಿದ್ದರೆ ದೇವರಮನೆಗೆ ಹಾಕುತ್ತಿದ್ದ ತಂತಿಯ ಝೀರೋ ಬಲ್ಬ್ ಕೂಡ ಆಗುತ್ತದೆ, ಹೆಸರು ಝೀರೋ ಆದರೂ ಸುಮಾರು 15 ವಾಟ್ ಎಳೆಯುತ್ತದೆ. ಮಣ್ಣಿನಿಂದ 20 ಸೆಂಟಿಮೀಟರ್ ಎತ್ತರದಲ್ಲಿ ಶುರುಮಾಡಿ, ದಿನಕ್ಕೆ ಎರಡು ಮೂರು ಸೆಂಟಿಮೀಟರ್ ಇಳಿಸುತ್ತ 5ರಿಂದ 7 ದಿನ. ಮೊದಲ ದಿನವೇ ಹತ್ತಿರ ಇಟ್ಟರೆ ಮೇಲ್ಪದರ ಹಪ್ಪಳದಂತೆ ಒಣಗಿ, ನಿಧಾನಕ್ಕೆ ನಡೆಯುವ ಒರಿಬಾಟಿಡ್‌ಗಳು ನಡುದಾರಿಯಲ್ಲೇ ಸಾಯುತ್ತವೆ. ಚುರುಕಾಗಿ ಓಡುವ ಬೇಟೆಗಾರ ನುಸಿಗಳು ಮಾತ್ರ ಶೀಶೆಗೆ ಬರುತ್ತವೆ, ನಿಮ್ಮ ಲೆಕ್ಕ ಒಂದು ಕಡೆ ವಾಲುತ್ತದೆ. ಬಳ್ಳಾರಿಯ ಏಪ್ರಿಲ್ ಮೇ ತಿಂಗಳಲ್ಲಿ ಕೋಣೆಯೇ 38, 40 ಡಿಗ್ರಿ ಇರುವಾಗ ದೀಪವೇ ಬೇಡ. ಕರೆಂಟು ಹೋದರೆ ಗಾಬರಿ ಬೇಡ. ಎಷ್ಟು ತಾಸು ಹೋಗಿತ್ತು ಎಂದು ಬರೆದು, ಅಷ್ಟು ತಾಸು ಕೊನೆಗೆ ಸೇರಿಸಿದರಾಯಿತು.

ಆಲಿಕೆಯ ಒಳಗೋಡೆಯಲ್ಲಿ ಬೆವರಿನಂತೆ ಹನಿ ಕಟ್ಟಿದರೆ ನುಸಿಗಳು ಅದರಲ್ಲೇ ಅಂಟಿ ನಿಲ್ಲುತ್ತವೆ. ಮಣ್ಣು ತೀರಾ ಒದ್ದೆಯಿದ್ದಾಗ ಹೀಗಾಗುತ್ತದೆ, ಮೊದಲ ದಿನ ದೀಪ ಹಾಕದೆ ನೆರಳಲ್ಲಿ ಬಿಟ್ಟರೆ ಸರಿಹೋಗುತ್ತದೆ. ಎರೆಮಣ್ಣಿನ ತೊಂದರೆ ಇನ್ನೊಂದು ಬಗೆ. ಒಣಗುತ್ತ ಅದು ಬಿಗಿದು, ಕುಗ್ಗಿ, ನುಸಿಯನ್ನು ಒಳಗೇ ಹಿಡಿದುಕೊಳ್ಳುತ್ತದೆ. ಅಂಥ ಮಣ್ಣನ್ನು ಬಕೆಟ್ಟಿನ ನೀರಿಗೆ ಹಾಕಿ ಮೆಲ್ಲಗೆ ಕಲಕಿ, ಮೇಲೆ ತೇಲಿದ ಕಸಕಡ್ಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಆ ಕಸವನ್ನು ಆಲಿಕೆಗೆ ಹಾಕುವುದು ಉತ್ತಮ. ಹೋಲಿಕೆಗೆಂದು ತಂದ ಮಣ್ಣುಗಳಿಗೆಲ್ಲ ಒಂದೇ ವಿಧಾನ ಇರಬೇಕು, ಯಾವ ಮಾದರಿಗೆ ಯಾವ ವಿಧಾನ ಎಂಬುದು ಚೀಟಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಎರೆಯನ್ನೂ ಮಸಾರಿಯನ್ನೂ ಹೋಲಿಸಲಾಗದು. ಸಾಲಿನಲ್ಲಿ ಒಂದು ಆಲಿಕೆಯನ್ನು ಮಣ್ಣಿಲ್ಲದೆ ಖಾಲಿ ಬಿಡಿ. ಅದರ ಶೀಶೆಯಲ್ಲೂ ನುಸಿ ಬಿದ್ದಿದ್ದರೆ ಅದು ನಿಮ್ಮ ಕೋಣೆಯದು, ಧೂಳಿನದೋ ಹಿಟ್ಟಿನದೋ. ಕಾಳಿನ ಮೂಟೆ ಇರುವ ಮನೆಯಲ್ಲಿ ಇದು ನಡೆದೇ ನಡೆಯುತ್ತದೆ.

ಎಥನಾಲ್ ಕೊಳ್ಳಲು ಅಬಕಾರಿ ನಿಯಮಗಳಿವೆ, ಕಾಲೇಜಿನ ಪ್ರಯೋಗಾಲಯದ ಮೂಲಕ ತರಿಸುವುದೇ ನೇರ ದಾರಿ. ರೂಪ ನೋಡಲು 75 ಶೇಕಡಾ ಸಾಕು. ಡಿಎನ್‌ಎ ತೆಗೆಯುವ ಉದ್ದೇಶವಿದ್ದರೆ ಕೆಲವನ್ನು 95 ಶೇಕಡಾದಲ್ಲಿ ಬೇರೆ ಇಡಬೇಕು, ಅದರಲ್ಲಿ ಕಾಲುಗಳು ಸೆಟೆದು ಮುರಿಯುತ್ತವೆ ಎಂಬುದು ನೆನಪಿರಲಿ. ಶೀಶೆಯ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆದು ಶೀಶೆಯ ಒಳಗೆ ಹಾಕಬೇಕು. ಜೆಲ್ ಪೆನ್ನಿನ ಅಕ್ಷರ ಎಥನಾಲಿನಲ್ಲಿ ಕರಗಿ, ಶೀಶೆ ನೀಲಿಯಾಗಿ, ಊರು ದಿನಾಂಕ ಎರಡೂ ಹೋಗುತ್ತವೆ. ಊರಿಲ್ಲದ ನುಸಿಯಿಂದ ಯಾವ ಉಪಯೋಗವೂ ಇಲ್ಲ.

ಶೀಶೆ ಬಗ್ಗಿಸಿ ಗಾಜಿನ ತಟ್ಟೆಗೆ ಸುರಿದಾಗ ಮೊದಲು ಕಾಣುವುದು ಗುಂಪುಗಳು. ತೆಳುಮೈಯ ಪ್ರೊಸ್ಟಿಗ್ಮಾಟಗಳು, ಓಡುವ ಮೀಸೊಸ್ಟಿಗ್ಮಾಟಗಳು, ಕಂದು ಒರಿಬಾಟಿಡ್‌ಗಳು. ಒಣ ಬಯಲಿನ ಮಣ್ಣಿನಲ್ಲಿ ಮೊದಲನೆಯ ಗುಂಪೇ ಹೆಚ್ಚು, ಸಂದಿಯ ನೆರಳಿನ ಗೊಬ್ಬರಮಣ್ಣಿಗೆ ಬಂದ ಹಾಗೆ ಒರಿಬಾಟಿಡ್ ಏರುತ್ತದೆ. ಚಿಮಟ ಬೇಡ, ಒತ್ತಿದರೆ ಕವಚ ಸೀಳುತ್ತದೆ. ತೆಳು ತಂತಿಯ ಪುಟ್ಟ ಕುಣಿಕೆ ಅಥವಾ ಅತಿ ಸಣ್ಣ ಕುಂಚದಿಂದ ಎತ್ತಬೇಕು.

ಗುಡ್ಡ ಹತ್ತಿ ಇಳಿಯುವುದು ಒಂದು ದಿನದ ಕೆಲಸ, ಮುಂದಿನದು ತಿಂಗಳುಗಳದು. ನುಸಿಯನ್ನು ಪಾರದರ್ಶಕ ಮಾಡಲು ಲ್ಯಾಕ್ಟಿಕ್ ಆಮ್ಲ ಬಳಸುತ್ತಾರೆ. ಗುಳಿಯಿರುವ ಗಾಜುಪಟ್ಟಿಯಲ್ಲಿ ಆಮ್ಲದ ಹನಿ, ಅದರಲ್ಲಿ ನುಸಿ, ಮೇಲೆ ಗುಳಿಯನ್ನು ಅರ್ಧ ಮಾತ್ರ ಮುಚ್ಚುವ ತೆಳುಗಾಜು. ಸೂಜಿಯ ತುದಿಯಿಂದ ಮುಚ್ಚುಗಾಜನ್ನು ತುಸು ಸರಿಸಿದರೆ ನುಸಿ ಉರುಳುತ್ತದೆ, ಬೆನ್ನು, ಹೊಟ್ಟೆ, ಮಗ್ಗುಲು ಮೂರನ್ನೂ ಒಂದೇ ಪ್ರಾಣಿಯಲ್ಲಿ ನೋಡಬಹುದು. ಒರಿಬಾಟಿಡ್ ಅಧ್ಯಯನಕ್ಕೆ ಬುನಾದಿ ಹಾಕಿದ ಫ್ರಾನ್ಸಿನ ಫ್ರಾಂಸ್ವಾ ಗ್ರಾಂಜಾನ್ ಅವರ ಕಾಲದಿಂದ ನಡೆದುಬಂದ ಕ್ರಮ ಇದು, ಈಗಲೂ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ತಿಳಿಬಣ್ಣದವು ಒಂದೆರಡು ದಿನದಲ್ಲಿ ತಿಳಿಯಾಗುತ್ತವೆ, ಕಡುಗಂದಿನವಕ್ಕೆ ವಾರಗಳೇ ಬೇಕು. 50 ಡಿಗ್ರಿಯ ಕಾವು ಕೊಟ್ಟರೆ ಬೇಗ ಆಗುತ್ತದೆ. ಆದರೆ ಕವಚದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ನುಸಿಯನ್ನು ತಣ್ಣಗೆಯೇ ಶುರುಮಾಡಬೇಕು, ಆಮ್ಲ ತಾಗಿ ಸುಣ್ಣ ಕರಗುವಾಗ ಅನಿಲದ ಗುಳ್ಳೆ ಏಳುತ್ತದೆ. ಕರಗಿದ ಕವಚ ಮತ್ತೆ ಮೊದಲಿನಂತಾಗುವುದಿಲ್ಲವಾದ್ದರಿಂದ ಒಂದೆರಡನ್ನು ಆಮ್ಲ ಮುಟ್ಟಿಸದೆ ಎಥನಾಲಿನಲ್ಲೇ ಉಳಿಸಿಕೊಳ್ಳಿ. ಡಬ್ಬಿಯಂತೆ ಮಡಚಿಕೊಳ್ಳುವ ಫ್ತಿರಾಕಾರಿಡೇ ಕುಟುಂಬದವು ಎಥನಾಲಿಗೆ ಬಿದ್ದ ಕೂಡಲೇ ಮುಚ್ಚಿಕೊಂಡುಬಿಡುತ್ತವೆ, ಅವನ್ನು ಬಿಚ್ಚಲು ಎರಡು ಸೂಜಿ ಮತ್ತು ಬಹಳ ತಾಳ್ಮೆ ಬೇಕು.

ನುಸಿಯನ್ನು ಗಾಜುಪಟ್ಟಿಯ ಮೇಲೆ ಶಾಶ್ವತವಾಗಿ ಕೂರಿಸಲು ಹೋಯರ್ ದ್ರಾವಣವಿದೆ. ಬಟ್ಟಿ ಇಳಿಸಿದ ನೀರು 50 ಮಿಲಿಲೀಟರ್, ಗೋಂದು 30 ಗ್ರಾಂ, ಕ್ಲೋರಲ್ ಹೈಡ್ರೇಟ್ 200 ಗ್ರಾಂ, ಗ್ಲಿಸರಿನ್ 20 ಮಿಲಿಲೀಟರ್, ಇದೇ ಅನುಕ್ರಮದಲ್ಲಿ ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು. ಗೋಂದು ಪುಡಿಗಿಂತ ಹರಳು ಮೇಲು, ಪುಡಿ ಗುಳ್ಳೆ ಹಿಡಿಯುತ್ತದೆ. ಮಾಡಿದ ಪಟ್ಟಿಯನ್ನು 45 ಡಿಗ್ರಿಯ ಪೆಟ್ಟಿಗೆಯಲ್ಲಿ ಚೆನ್ನಾಗಿ ಒಣಗಿಸಿ ಅಂಚನ್ನು ಬಣ್ಣ ಬಳಿದು ಮುಚ್ಚದಿದ್ದರೆ ಮಳೆಗಾಲದಲ್ಲಿ ತೇವ ಎಳೆದು ಹಾಳಾಗುತ್ತದೆ. ತೆಳುಮೈಯ ನುಸಿಗೆ ಇದು ಒಪ್ಪುತ್ತದೆ. ಗಟ್ಟಿ ಒರಿಬಾಟಿಡ್ ಚಪ್ಪಟೆಯಾಗಿ ಆಕಾರ ಕೆಡುವುದರಿಂದ ಅದನ್ನು ಶೀಶೆಯಲ್ಲೇ ಇಡುವುದು ಸರಿ.

ನೋಡಬೇಕಾದ್ದೇನು? ಉದಾಹರಣೆಗೆ ಭಾರತದ ಮಣ್ಣಿನಲ್ಲಿ ಮತ್ತೆ ಮತ್ತೆ ಸಿಗುವ ಎರಡು ಕುಲಗಳನ್ನು ತೆಗೆದುಕೊಳ್ಳಿ. ಗಲುಮ್ನಾಗೆ ಭುಜದ ಎರಡೂ ಬದಿಗೆ ಕಿವಿಯಂತೆ ಆಡುವ ರೆಕ್ಕೆಪಟ್ಟಿ, ಬೆನ್ನಿನ ಮೇಲೆ ಸಾಮಾನ್ಯವಾಗಿ 4 ಜೊತೆ ರಂಧ್ರಮಯ ಮಚ್ಚೆ, ಜನನಾಂಗದ ಮುಚ್ಚಳದ ಮೇಲೆ 6 ಜೊತೆ ರೋಮ. ಶೆಲೋರಿಬೇಟಿಸ್‌ಗೆ ಮಚ್ಚೆಯ ಬದಲು ಪುಟ್ಟ ಚೀಲದಂಥ ರಂಧ್ರಗಳು, ಜನನಾಂಗದ ಮುಚ್ಚಳದ ಮೇಲೆ ಸಾಮಾನ್ಯವಾಗಿ 4 ಜೊತೆ ರೋಮ. ಇದು ಕುಲದ ಮಟ್ಟ ಅಷ್ಟೇ. ಪ್ರಭೇದಕ್ಕೆ ಬಂದರೆ ತಲೆಯ ಮೇಲಿನ ಸೆನ್ಸಿಲಸ್ ಎಂಬ ವಿಶೇಷ ರೋಮದ ತುದಿ ಗದೆಯಂತಿದೆಯೋ, ಕದಿರಿನಂತಿದೆಯೋ, ಅದರ ಮೇಲೆ ಮುಳ್ಳಿದೆಯೋ, ಪ್ರತಿ ಕಾಲಿನ ಪ್ರತಿ ಗೆಣ್ಣಿನಲ್ಲಿ ಎಷ್ಟು ರೋಮ, ಉಗುರು ಒಂದೋ ಮೂರೋ, ಇವೆಲ್ಲ ಬೇಕು. ಸೂಕ್ಷ್ಮದರ್ಶಕದ 100 ಪಟ್ಟಿನ ಎಣ್ಣೆ ಮಸೂರವಿಲ್ಲದೆ ಇದು ಆಗದು. ಕಣ್ಣಿಡುವ ಕಡೆಯ ಮಸೂರದ ಅಳತೆಪಟ್ಟಿಯನ್ನು 10 ಮೈಕ್ರೋಮೀಟರ್ ಗೆರೆಯ ಮಾಪಕದಿಂದ ಪ್ರತಿ ಮಸೂರಕ್ಕೂ ಬೇರೆಯಾಗಿ ಸರಿಹೊಂದಿಸಿರಬೇಕು. ಒಂದು ಮಸೂರದ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿ ತಪ್ಪು ಅಳತೆ ಅಚ್ಚಾಗುವುದುಂಟು.

ಒಂದೇ ಪ್ರಾಣಿ ನೋಡಿ ಹೊಸದೆನ್ನುವುದು ಅಪಾಯ. ಮುರಿದ ರೋಮ ಗಿಡ್ಡ ರೋಮದಂತೆ ಕಾಣುತ್ತದೆ. ಈಗಷ್ಟೇ ಪೊರೆ ಬಿಟ್ಟ ಪ್ರೌಢ ನುಸಿ ತಿಳಿಬಣ್ಣದ್ದಾಗಿ ಬೇರೆಯದೇ ಅನಿಸುತ್ತದೆ. ಎಡಗಡೆ 6 ರೋಮ, ಬಲಗಡೆ 5 ಇರುವ ಪ್ರಾಣಿಗಳೂ ಇವೆ, ಆದ್ದರಿಂದ ಎರಡೂ ಕಡೆ ಎಣಿಸಬೇಕು. ಮರಿಗಳಂತೂ ಪ್ರೌಢ ನುಸಿಯನ್ನು ಹೋಲುವುದೇ ಇಲ್ಲ. ಮೊದಲ ಮರಿಗೆ 6 ಕಾಲು, ಆಮೇಲೆ 8 ಕಾಲಿನ ಮೂರು ಹಂತ, ಕೊನೆಗೆ ಪ್ರೌಢ. ಮರಿಯನ್ನೇ ಬೇರೆ ಪ್ರಭೇದವೆಂದು ಹೆಸರಿಟ್ಟ ಉದಾಹರಣೆಗಳು ಹಳೆಯ ಬರಹಗಳಲ್ಲಿವೆ. ಕನಿಷ್ಠ 10 ಪ್ರೌಢಗಳನ್ನು ಅಳೆದು, ಗಂಡು ಹೆಣ್ಣು ಬೇರೆ ಬರೆದು, ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಕೊಡಬೇಕು.

ಆಮೇಲೆ ಹೋಲಿಕೆ. ಸ್ಪೇನಿನ ಲೂಯಿಸ್ ಸುಬಿಯಾಸ್ 2004ರಲ್ಲಿ ಪ್ರಕಟಿಸಿ, ಮುಂದೆ ಪರಿಷ್ಕರಿಸುತ್ತ ಬಂದ ಜಗತ್ತಿನ ಒರಿಬಾಟಿಡ್ ಪಟ್ಟಿ ಇಲ್ಲಿ ಮೊದಲ ಮೆಟ್ಟಿಲು. ಆ ಕುಲದ ಎಲ್ಲ ಪ್ರಭೇದಗಳ ಮೂಲ ವಿವರಣೆಯನ್ನು ತರಿಸಿ ಓದಬೇಕು, ಹಲವು ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಯವು. ಚಿತ್ರ ಸಾಲದಿದ್ದರೆ ಮೂಲ ಮಾದರಿಯನ್ನೇ ನೋಡಬೇಕು. ಉಷ್ಣವಲಯದ ಎಷ್ಟೋ ಮಾದರಿಗಳು ಬುಡಾಪೆಸ್ಟ್ ಮತ್ತು ಜಿನೀವಾದ ವಸ್ತುಸಂಗ್ರಹಾಲಯಗಳಲ್ಲಿವೆ, ನಮ್ಮ ದೇಶದವು ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿವೆ. ಕರ್ನಾಟಕಕ್ಕೆ ಈ ವಿದ್ಯೆ ಹೊಸತಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಜಿ. ಪಿ. ಚನ್ನಬಸವಣ್ಣನವರು ನುಸಿಶಾಸ್ತ್ರಕ್ಕೆ ನೆಲೆ ಕಟ್ಟಿದರು, 1986ರಲ್ಲಿ ಜಗತ್ತಿನ ನುಸಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. 2008ರಲ್ಲಿ ಶುರುವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ ನಮ್ಮ ಬಾಗಿಲಲ್ಲೇ ಇದೆ. ಬೆಳೆಯ ನುಸಿಗೆ ಸಿಕ್ಕ ಗಮನದಲ್ಲಿ ಒಂದು ಪಾಲಾದರೂ ತರಗೆಲೆಯ ನುಸಿಗೆ ಸಿಗಲಿ ಎಂಬುದು ನಮ್ಮ ಹಂಬಲ.

ಹೋಲಿಸಿ ನೋಡಿದ ಮೇಲೆ ಹೆಚ್ಚಿನ ಸಲ ಬರುವ ಉತ್ತರ, ಇದು ಹೊಸದಲ್ಲ, ಈ ಜಿಲ್ಲೆಗೆ ಮೊದಲ ದಾಖಲೆ. ಇದನ್ನು ಸೋಲು ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಯಾವುದು ಎಲ್ಲೆಲ್ಲಿ ಹರಡಿದೆ ಎಂಬ ಇಂಥ ನೂರು ದಾಖಲೆಗಳಿಲ್ಲದೆ, ಲೋಕಾಪುರದ್ದೋ ಹಾ ಲಾಂಗಿನದ್ದೋ ನುಸಿಯೊಂದು ಅಲ್ಲಿಗೇ ಸೀಮಿತ ಎಂದು ಹೇಳಲು ಬರುವುದಿಲ್ಲ. ಅನುಮಾನವಿದ್ದರೆ ಹೆಸರಿಡದೆ, ಇಂಥ ಪ್ರಭೇದಕ್ಕೆ ಹತ್ತಿರದ್ದು ಎಂದಷ್ಟೇ ಬರೆದು ಬಿಡುವುದು ಪ್ರಾಮಾಣಿಕ ದಾರಿ.

ನಿಜಕ್ಕೂ ಹೊಸದಾಗಿದ್ದರೆ ನಿಯಮಗಳು ಖಚಿತವಾಗಿವೆ. 2000ದ ಜನವರಿಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯ ಪ್ರಕಾರ ಒಂದು ಪ್ರಾಣಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮೂಲ ಮಾದರಿ, ಎಂದು ಗುರುತಿಸಿ, ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ಬರೆಯಲೇಬೇಕು. ವಿದ್ಯುನ್ಮಾನ ಪತ್ರಿಕೆಯಲ್ಲಷ್ಟೇ ಪ್ರಕಟವಾಗುವುದಾದರೆ ಪ್ರಾಣಿಹೆಸರುಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿ ಕಡ್ಡಾಯ. ಭಾರತದ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನಂತೆ ಹೊಸ ಪ್ರಭೇದವನ್ನು ಅಧಿಕೃತ ಭಂಡಾರಕ್ಕೆ ತಿಳಿಸಿ, ಮಾದರಿಗಳನ್ನು ಅಲ್ಲಿ ಒಪ್ಪಿಸಬೇಕು. ಊರಿನ ಹೆಸರಿಡುವುದಾದರೆ ಕೊನೆಗೆ ಎನ್ಸಿಸ್, ಕುಲದ ಹೆಸರು ನಪುಂಸಕಲಿಂಗವಾದರೆ ಎನ್ಸೆ. ಗಂಡಸಿನ ಹೆಸರಿಗೆ i, ಹೆಂಗಸಿನ ಹೆಸರಿಗೆ ae ಎಂಬ ಪ್ರತ್ಯಯ. ಪ್ರಬಂಧ ಅಚ್ಚಾಗುವ ಮೊದಲು ದಿನಪತ್ರಿಕೆಗೆ ಹೆಸರು ಕೊಡಬೇಡಿ. ವಿವರಣೆಯಿಲ್ಲದೆ ಅಚ್ಚಾದ ಹೆಸರಿಗೆ ಮಾನ್ಯತೆ ಇಲ್ಲ, ಮುಂದೆ ಗೊಂದಲಕ್ಕಷ್ಟೇ ದಾರಿ.

ಸಿಕ್ಕ ಜಾಗವನ್ನು "ಸಂಡೂರು ಹತ್ತಿರ" ಎಂದು ಬರೆದರೆ ಸಾಲದು. ಅಕ್ಷಾಂಶ ರೇಖಾಂಶ, ಎತ್ತರ, ಯಾವ ಮುಖದ ಇಳಿಜಾರು, ಯಾವ ಬಂಡೆಯ ಸಂದಿ, ಎಷ್ಟು ಆಳ ಎಲ್ಲವೂ ಬೇಕು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವ ಹೊತ್ತಿಗೆ ಎಷ್ಟೋ ಇಳಿಜಾರುಗಳ ಮೇಲ್ಮಣ್ಣು ಆಗಲೇ ಹೋಗಿತ್ತು. ಗಿಡ ಮತ್ತೆ ನೆಡಬಹುದು. ಆ ಮಣ್ಣಿನಲ್ಲಿ ಯಾವ ನುಸಿ ಇತ್ತು ಎಂದು ಕೇಳಿದರೆ, ಮುಂಚೆ ತೆಗೆದಿಟ್ಟ ಶೀಶೆ ಇದ್ದರೆ ಮಾತ್ರ ಉತ್ತರ. ಅದಕ್ಕೇ ಹೋಲೋಟೈಪ್ ಜೊತೆಗೆ ಗುರುತಿಸಿದ ಉಳಿದ ಮಾದರಿಗಳಾದ ಪ್ಯಾರಟೈಪ್‌ಗಳನ್ನು ಒಂದೇ ಕಡೆ ಇಡದೆ ಕನಿಷ್ಠ ಎರಡು ಸಂಸ್ಥೆಗಳಿಗೆ ಹಂಚಬೇಕು.

ಮನೆಯಲ್ಲೋ ಕಾಲೇಜಿನಲ್ಲೋ ಉಳಿದ ಶೀಶೆಗಳದೂ ಒಂದು ಆರೈಕೆ ಇದೆ. ನಮ್ಮ ಬೇಸಿಗೆಗೆ ರಬ್ಬರ್ ಮುಚ್ಚಳ ಬಿರಿಯುತ್ತದೆ, ಎಥನಾಲ್ ಆರಿ ನುಸಿ ಗಾಜಿಗೆ ಅಂಟುತ್ತದೆ. ಸಣ್ಣ ಶೀಶೆಗಳನ್ನು ಹತ್ತಿ ಮುಚ್ಚಿ, ಎಥನಾಲ್ ತುಂಬಿದ ಅಗಲಬಾಯಿಯ ದೊಡ್ಡ ಜಾಡಿಯೊಳಗೆ ತಲೆಕೆಳಗಾಗಿ ನಿಲ್ಲಿಸಿದರೆ ಆರುವುದು ಜಾಡಿಯದು, ಶೀಶೆಯದಲ್ಲ. ಫೆಬ್ರವರಿ ಕೊನೆಯಲ್ಲಿ ಒಮ್ಮೆ, ಜೂನಿನಲ್ಲಿ ಒಮ್ಮೆ ಜಾಡಿಯ ಮಟ್ಟ ನೋಡಿ ತುಂಬಬೇಕು. ಹಾಗೇ ಆಲಿಕೆಯಲ್ಲಿ ಉಳಿದ ಒಣ ಮಣ್ಣನ್ನು ಚೆಲ್ಲದೆ ಕಾಗದದ ಲಕೋಟೆಗೆ ಹಾಕಿ ಅದೇ ಸಂಖ್ಯೆ ಬರೆದಿಡಿ. ಪಿಎಚ್ ಅಳತೆಯಲ್ಲಿ ಅನುಮಾನ ಬಂದಾಗ ಮತ್ತೆ ಅಳೆಯಲು ಅದೇ ಬೇಕಾಗುತ್ತದೆ.